ನಲವತ್ತು ಜಂಪ್ ಆದಮೇಲೆ ಹೆಲ್ಮೆಟ್ ಮೇಲೆ ಕ್ಯಾಮೆರಾ ಹಾಕಿಕೊಳ್ಳಬಹುದಾ? ತೆಗೆದ ವಿಡಿಯೋನ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಸ್ಕೈಡೈವಿಂಗ್‌ನಲ್ಲಿ, ಅಂದರೆ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವುದರಲ್ಲಿ, ನಲವತ್ತು ಜಂಪ್ ಆಗಿದೆ, ಮೊದಲ ಹಂತದ ಎ ಲೈಸೆನ್ಸ್ ಬಂದಿದೆ, ಕೈಯಲ್ಲಿ ಒಂದು ಪುಟ್ಟ ಆ್ಯಕ್ಷನ್ ಕ್ಯಾಮೆರಾ ಇದೆ, ಆದರೆ ಡ್ರಾಪ್‌ಝೋನ್‌ನವರು (ಜಂಪ್ ನಡೆಸುವ ಜಾಗದವರು) ಈಗಲೇ ಬೇಡ ಅಂದಿದ್ದಾರೆ. ನೂರೈವತ್ತು ಗ್ರಾಂ ತೂಕದ ಡಬ್ಬಿಗೆ ಇಷ್ಟು ಗಲಾಟೆ ಯಾಕೆ ಅನ್ನುವುದು ಮೊದಲ ಪ್ರಶ್ನೆ. ಮುಂದೆ ಶೂಟ್ ಮಾಡಲು ಶುರು ಮಾಡಿದಾಗ ವಿಡಿಯೋಗಳನ್ನು ಹೇಗೆ ನೋಡಿಕೊಳ್ಳಬೇಕು, ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಅನ್ನುವುದು ಎರಡನೆಯದು.

ನಾನು ಕ್ಯಾಮೆರಾ ಫ್ಲೈಯರ್, ಅಂದರೆ ಬೇರೆಯವರ ಜೊತೆ ಹಾರಿ ಅವರನ್ನು ಶೂಟ್ ಮಾಡುವವನು. ಟ್ಯಾಂಡೆಮ್ ಜಂಪ್‌ಗಳನ್ನೂ (ಬೋಧಕರಿಗೆ ಕಟ್ಟಿಕೊಂಡು ಹಾರುವುದು) ಫಾರ್ಮೇಶನ್ ತಂಡಗಳನ್ನೂ (ಗಾಳಿಯಲ್ಲಿ ಕೈಕಾಲು ಹಿಡಿದು ಆಕಾರ ಕಟ್ಟುವವರು) ಶೂಟ್ ಮಾಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಡ್ರಾಪ್‌ಝೋನ್‌ನವರ ಮಾತು ಸರಿ. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ತನ್ನ ಕೈಪಿಡಿಯಲ್ಲಿ ಕ್ಯಾಮೆರಾಗೆ ಕನಿಷ್ಠ 200 ಜಂಪ್ ಆಗಿರಲಿ ಅನ್ನುತ್ತದೆ. ಅದರಲ್ಲಿ ಕಡೇಪಕ್ಷ 50, ಕ್ಯಾಮೆರಾ ಜೊತೆ ಬಳಸುವ ಅದೇ ಪ್ಯಾರಾಚೂಟಿನಲ್ಲಿ ಆಗಿರಬೇಕು ಅಂತಲೂ ಹೇಳುತ್ತದೆ. ಇದು ಶಿಫಾರಸು ಅಷ್ಟೇ, ಆದರೂ ಎಷ್ಟೋ ಡ್ರಾಪ್‌ಝೋನ್‌ಗಳು ಇದನ್ನು ನಿಯಮದ ಹಾಗೆಯೇ ಪಾಲಿಸುತ್ತವೆ. 199ನೇ ಜಂಪಿನಲ್ಲಿ ಅಪಾಯ, 200ಕ್ಕೆ ಮಾಯ ಅಂತೇನೂ ಇಲ್ಲ. ಆ ಹೊತ್ತಿಗೆ ಎತ್ತರ ನೋಡುವುದು, ಸುತ್ತ ಯಾರಿದ್ದಾರೆ ಅಂತ ನೋಡುವುದು, ಸಮಯಕ್ಕೆ ಪೈಲಟ್ ಚ್ಯೂಟ್ (ದೊಡ್ಡ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟ್) ಎಸೆಯುವುದು ಇವೆಲ್ಲ ಯೋಚಿಸದೆಯೇ ಆಗುವ ಹಾಗೆ ಮೈಗೂಡಿರುತ್ತವೆ, ಇನ್ನೊಂದು ಕೆಲಸಕ್ಕೆ ತಲೆಯಲ್ಲಿ ಸ್ವಲ್ಪ ಜಾಗ ಉಳಿದಿರುತ್ತದೆ ಅನ್ನುವ ಲೆಕ್ಕ ಅದು.

ಯಾಕೆಂದರೆ ಕ್ಯಾಮೆರಾ ಅನ್ನುವುದು ಇನ್ನೊಂದು ಕೆಲಸವೇ. "ಸುಮ್ನೆ ಆನ್ ಮಾಡಿ ಬಿಡ್ತೀನಿ, ಅದರ ಪಾಡಿಗೆ ಅದಿರುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಯಾರ ವಿಷಯದಲ್ಲೂ ಹಾಗೆ ಆಗುವುದಿಲ್ಲ. ಹೆಲ್ಮೆಟ್‌ನಲ್ಲಿ ಕ್ಯಾಮೆರಾ ಇದ್ದರೆ ನಿಮ್ಮ ತಲೆಯೇ ಟ್ರೈಪಾಡ್. ಶಾಟ್ ಅಲುಗಾಡಬಾರದು ಅಂತ ಹೊಸಬರು ಕುತ್ತಿಗೆಯನ್ನು ಬಿಗಿಹಿಡಿದು ಎದುರಿಗಿರುವವರನ್ನೇ ನೋಡುತ್ತಾರೆ. ಮಣಿಕಟ್ಟಿನಲ್ಲಿರುವ, ಎತ್ತರ ತೋರಿಸುವ ಆಲ್ಟಿಮೀಟರ್ ನೋಡಬೇಕಾದರೆ ತಲೆ ತಿರುಗಿಸಬೇಕು, ತಿರುಗಿಸಿದರೆ ಫ್ರೇಮ್ ಹಾಳು. ಹಾಗಾಗಿ ಇನ್ನೊಂದೇ ಕ್ಷಣ, ಇನ್ನೊಂದೇ ಕ್ಷಣ ಅಂತ ಮುಂದೂಡುತ್ತಾರೆ. ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್, ಅಂದರೆ ಸಾವಿರ ಅಡಿ ಕಳೆದುಹೋಗಲು ಐದೂವರೆ ಆರು ಸೆಕೆಂಡ್ ಸಾಕು. 13,000 ಅಡಿಯಿಂದ ಹಾರಿದರೆ ನಿಮಗೆ ಸಿಗುವುದೇ ಒಂದು ನಿಮಿಷದ ಆಸುಪಾಸು. ಅದರಲ್ಲಿ ಎಷ್ಟು ಸಲ "ಇನ್ನೊಂದೇ ಕ್ಷಣ" ಅನ್ನಬಹುದು, ನೀವೇ ಲೆಕ್ಕ ಹಾಕಿ.

ಅನುಭವ ಇದ್ದವರಿಗೆ ಹೀಗಾಗುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. 1988ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನೂರಾರು ಜಂಪ್ ಮಾಡಿದ್ದ ಒಬ್ಬರು, ಬೋಧಕ ಮತ್ತು ವಿದ್ಯಾರ್ಥಿಯ ಜಂಪನ್ನು ಶೂಟ್ ಮಾಡಲು ವಿಮಾನದಿಂದ ಹೊರಗೆ ಹಾರಿದರು. ಕ್ಯಾಮೆರಾ ಸಾಮಾನು ಮೈಮೇಲಿತ್ತು, ಪ್ಯಾರಾಚೂಟ್ ಇರಲಿಲ್ಲ. ಬದುಕಲಿಲ್ಲ. ಇಂಥದ್ದು ತೀರಾ ಅಪರೂಪ, ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಗಮನ ಶೂಟಿಂಗ್ ಕಡೆಗೆ ಹೋದರೆ ಉಳಿದದ್ದು ಎಷ್ಟರ ಮಟ್ಟಿಗೆ ಮರೆಯಬಹುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ. ಕ್ಯಾಮೆರಾ ನಿಮ್ಮ ತಲೆ ಮೇಲಿದ್ದರೂ ಕೆಡುವುದು ಎದುರಿಗಿರುವವರ ಗಮನ ಕೂಡ. ಲೆನ್ಸ್ ಕಂಡರೆ ಸಾಕು, ಜನ ಹತ್ತಿರ ಬರುತ್ತಾರೆ, ನಾಲಿಗೆ ಚಾಚುತ್ತಾರೆ, ಬೇರೆಯಾಗಿ ದೂರ ಹೋಗಬೇಕಾದ ಎತ್ತರ ಬಂದರೂ ಕೈ ಬೀಸುತ್ತಾ ನಿಲ್ಲುತ್ತಾರೆ. ಅದಕ್ಕೇ ನೆಲದ ಮೇಲಿರುವಾಗಲೇ ಮಾತಾಗಬೇಕು: ಬ್ರೇಕಾಫ್ (ಬೇರೆಯಾಗಿ ದೂರ ಹೋಗುವುದು) ಎಷ್ಟು ಎತ್ತರಕ್ಕೆ, ಯಾರು ಯಾವ ಕಡೆ, ಕ್ಯಾಮೆರಾದವರು ಎಲ್ಲಿ ಪ್ಯಾರಾಚೂಟ್ ತೆರೆಯುತ್ತಾರೆ. ಕ್ಯಾಮೆರಾ ಇದೆ ಅಂತ ಪ್ಲ್ಯಾನ್ ಬದಲಾಗಬಾರದು. ಮೊದಮೊದಲು ನಿಮಗಿಂತ ಅನುಭವ ಇರುವ ಒಬ್ಬರ ಜೊತೆಗೆ ಮಾತ್ರ ಹಾರಿ, ಗುಂಪು ಬೇಡ. ಹೆಲ್ಮೆಟ್ ಒಳಗೆ ಕಿವಿಯ ಹತ್ತಿರ ಕೂಗುವ ಆಡಿಬಲ್ ಆಲ್ಟಿಮೀಟರ್ ಇರಲಿ, ಆದರೆ ಅದನ್ನೇ ನಂಬಿ ಕೂರಬೇಡಿ. ಗಾಳಿಯ ಸದ್ದಿನಲ್ಲಿ ಅದು ಕೇಳಿಸದೇ ಹೋಗಬಹುದು, ಬ್ಯಾಟರಿ ಮುಗಿದಿರಬಹುದು. ಕೈಮೇಲಿನದನ್ನು ಕಣ್ಣಿಂದ ನೋಡಲೇಬೇಕು, ಫ್ರೇಮ್ ಹಾಳಾದರೆ ಆಗಲಿ.

ಈಗ ಆ ಡಬ್ಬಿಯ ವಿಷಯ. ತೂಕಕ್ಕಿಂತ ಅದು ಹೊರಗೆ ಚಾಚಿಕೊಂಡಿರುವುದೇ ತೊಂದರೆ. ಪ್ಯಾರಾಚೂಟ್ ತೆರೆಯುವಾಗ ಪೈಲಟ್ ಚ್ಯೂಟ್, ಅದರ ಬ್ರೈಡಲ್ ಪಟ್ಟಿ, ಕ್ಯಾನಪಿಯ (ಪ್ಯಾರಾಚೂಟಿನ ಬಟ್ಟೆಯ) ಸಸ್ಪೆನ್ಶನ್ ಲೈನ್ ಅನ್ನುವ ದಾರಗಳು, ಅವನ್ನು ಹಾರ್ನೆಸ್‌ಗೆ ಸೇರಿಸುವ ರೈಸರ್ ಪಟ್ಟಿಗಳು ಎಲ್ಲವೂ ನಿಮ್ಮ ತಲೆಯ ಹತ್ತಿರದಿಂದಲೇ ಮೇಲೆ ಹೋಗುತ್ತವೆ. ನೆಟ್ಟಗೆ ತೆರೆದರೆ ಏನೂ ಆಗುವುದಿಲ್ಲ. ದೇಹ ಸ್ವಲ್ಪ ಓರೆಯಾಗಿದ್ದರೆ, ತೆರೆಯುವಾಗ ಗಿರಕಿ ಹೊಡೆದರೆ, ಮುಳ್ಳುಕಂಟಿಗೆ ಬಟ್ಟೆ ಸಿಕ್ಕಿಕೊಂಡ ಹಾಗೆ ಲೈನ್ ಒಂದು ಮೌಂಟ್‌ಗೆ ಸಿಕ್ಕಿಕೊಳ್ಳಬಹುದು. ಆಮೇಲೆ ಮೇನ್ ಕ್ಯಾನಪಿಯನ್ನು ಕಳಚುವ ಕಟ್‌ಅವೇ ಹಿಡಿಕೆ ಎಳೆದರೂ ಅದು ನಿಮ್ಮ ತಲೆಯನ್ನು ಬಿಡುವುದಿಲ್ಲ. ರಿಸರ್ವ್, ಅಂದರೆ ಎರಡನೇ ಪ್ಯಾರಾಚೂಟ್, ಅದರ ಜೊತೆಗೇ ಸುತ್ತಿಕೊಳ್ಳುವ ಅಪಾಯ ಬೇರೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹೆಲ್ಮೆಟ್ ಮೇಲೆ ಕ್ಯಾಮೆರಾ ಕೂರಿಸಿ ಮೇಜಿನ ಮೇಲಿಡಿ. ಪ್ಯಾರಾಚೂಟ್ ರಿಪೇರಿ ಮಾಡುವ ರಿಗ್ಗರ್ ಹತ್ತಿರ ಹಳೇ ಸಸ್ಪೆನ್ಶನ್ ಲೈನ್ ಒಂದೆರಡು ಮಾರು ಕೇಳಿ ಇಸ್ಕೊಳ್ಳಿ. ಎರಡು ತುದಿ ಹಿಡಿದು, ಸಡಿಲವಾಗಿ ಬಿಟ್ಟು, ಹೆಲ್ಮೆಟ್ ಮೇಲೆ ಮುಂದಿನಿಂದ ಹಿಂದೆ, ಹಿಂದಿನಿಂದ ಮುಂದೆ, ಅಡ್ಡಡ್ಡ, ಕೆಳಗಿನಿಂದ ಮೇಲೆ ಎಳೆಯುತ್ತಾ ಹೋಗಿ. ಎಲ್ಲಿ ಲೈನ್ ಕಚ್ಚುತ್ತದೋ ಅಲ್ಲಿ ಸಮಸ್ಯೆ ಇದೆ. ಸಾಮಾನ್ಯವಾಗಿ ಕಚ್ಚುವುದು ಮೌಂಟ್‌ನ ತಿರುಪಿನ ತಲೆಗೆ, ಇಲ್ಲವೇ ಕ್ಯಾಮೆರಾ ಮತ್ತು ಹೆಲ್ಮೆಟ್ ನಡುವಿನ ಸಣ್ಣ ಸಂದಿಗೆ. ಸಂದಿಯನ್ನು ಟೇಪ್ ಹಾಕಿ ಮುಚ್ಚಬಹುದು, ಇಲ್ಲವೇ ಹೆಲ್ಮೆಟ್‌ಗೆ ಸರಿಯಾಗಿ ಅಂಟಿ ಕೂರುವ, ಅಂಚು ಜಾರುವ ಹಾಗೆ ಮಾಡಿದ ಸ್ಕೈಡೈವಿಂಗ್ ಮೌಂಟ್‌ಗಳೇ ಸಿಗುತ್ತವೆ. ಸೈಕಲ್ಲಿಗೆ, ಸರ್ಫ್‌ಬೋರ್ಡ್‌ಗೆ ಅಂತ ಬರುವ ಎರಡು ಮೂರು ಗೆಣ್ಣಿನ ಉದ್ದನೆಯ ಮೌಂಟ್ ಮಾತ್ರ ಬೇಡವೇ ಬೇಡ. ಅಂಟಿಸುವ ಪ್ಯಾಡ್ ಆದರೆ ಮೇಲ್ಮೈ ಚೆನ್ನಾಗಿ ಒರೆಸಿ, ಅಂಟಿಸಿ, ಒಂದು ದಿನ ಬಿಟ್ಟು ಆಮೇಲೆ ಬಳಸಿ. ಕಳಚಿ ಬಿದ್ದ ಕ್ಯಾಮೆರಾ ನೆಲದಲ್ಲಿ ಯಾರ ತಲೆ ಮೇಲೆ ಬೀಳುತ್ತದೋ ಗೊತ್ತಿಲ್ಲವಲ್ಲ. ಬೀಳಬಾರದು ಅಂತ ದಾರ ಕಟ್ಟಿದರೆ ಆ ದಾರವೇ ಇನ್ನೊಂದು ಕುಣಿಕೆ.

ಕೈಗೆ ಕಟ್ಟಿಕೊಳ್ಳುವ ಕ್ಯಾಮೆರಾ ಬಗ್ಗೆ ಯೋಚಿಸಲೂ ಬೇಡಿ. ಟ್ಯಾಂಡೆಮ್ ಬೋಧಕರು ಕಟ್ಟಿಕೊಳ್ಳುತ್ತಾರೆ ನಿಜ, ಅವರಿಗೆ ಅದಕ್ಕೇ ತರಬೇತಿ ಇರುತ್ತದೆ.

ಹೆಲ್ಮೆಟ್‌ನ ಗಲ್ಲದ ಪಟ್ಟಿಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಿಡಿಕೆ ಇರಲಿ. ಅದು ಇದ್ದರೆ ಸಾಲದು, ಕೈಗೆ ಅಭ್ಯಾಸವೂ ಆಗಿರಬೇಕು. ಗ್ಲೌಸ್ ಹಾಕಿ, ಕಣ್ಣು ಮುಚ್ಚಿ, ಎಡಗೈಯಲ್ಲಿ ಒಮ್ಮೆ ಬಲಗೈಯಲ್ಲಿ ಒಮ್ಮೆ ಬಿಚ್ಚಿ ನೋಡಿ. ಹೆಲ್ಮೆಟ್ ಮೊದಲಾ, ಕಟ್‌ಅವೇ ಮೊದಲಾ ಅನ್ನುವುದು ಏನು ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದರ ಮೇಲೆ ಹೋಗುತ್ತದೆ. ಅದನ್ನು ನಿಮ್ಮ ಬೋಧಕರ ಜೊತೆ ಕೂತು, ಹಾರ್ನೆಸ್‌ನಲ್ಲಿ ನೇತಾಡಿ, ಒಂದೊಂದು ಸಂದರ್ಭಕ್ಕೂ ಉತ್ತರ ಮೊದಲೇ ಗಟ್ಟಿಮಾಡಿಕೊಳ್ಳಿ. ಪ್ಯಾರಾಚೂಟ್ ಸರಿಯಾಗಿ ತೆರೆಯದಿದ್ದರೆ ಎ ಲೈಸೆನ್ಸ್‌ನವರು ಏನು ಮಾಡಬೇಕು ಅಂತ 2,500 ಅಡಿಗಿಂತ ಕೆಳಗಿಳಿಯುವ ಮೊದಲೇ ತೀರ್ಮಾನಿಸಿ ಎಳೆದಿರಬೇಕು ಅನ್ನುತ್ತದೆ ಯುಎಸ್‌ಪಿಎ. ಕ್ಯಾಮೆರಾ ಬಿಡಿಸುತ್ತಾ ಆ ಎತ್ತರ ದಾಟಬಾರದು. ಕ್ಯಾಮೆರಾ ಉಳಿಸಿಕೊಳ್ಳೋಣ ಅನ್ನುವ ಯೋಚನೆಯಂತೂ ಬರಲೇಬಾರದು.

ಕುತ್ತಿಗೆ ಬಗ್ಗೆ ಎರಡು ಮಾತು. ಕ್ಯಾನಪಿ ತೆರೆಯುವ ಹೊತ್ತಿಗೆ ತಲೆ ನೆಟ್ಟಗಿರಲಿ. ಚೆನ್ನಾಗಿ ತೆರೆದುಕೊಳ್ಳುತ್ತಿರುವುದನ್ನು ಶೂಟ್ ಮಾಡಲು ತಲೆ ಹಿಂದಕ್ಕೆ ಬಾಗಿಸಿದಾಗಲೇ ಜೋರಾಗಿ ಎಳೆದರೆ ದಿನಗಟ್ಟಲೆ ಕುತ್ತಿಗೆ ತಿರುಗಿಸಲಾಗುವುದಿಲ್ಲ. ದೊಡ್ಡ ಸ್ಟಿಲ್ ಕ್ಯಾಮೆರಾ ಹೊರುವವರು ನಿಧಾನಕ್ಕೆ ತೆರೆಯುವ ಕ್ಯಾನಪಿಯನ್ನೇ ಹುಡುಕುವುದು ಇದಕ್ಕೇ.

ಕ್ಯಾಮೆರಾ ಆನ್ ಮಾಡುವ ಸಮಯದ ಬಗ್ಗೆಯೂ ಹೇಳಬೇಕು. ವಿಮಾನದ ಬಾಗಿಲು ತೆರೆದ ಮೇಲೆ ಪಕ್ಕದವರ ಮುಖದ ಹತ್ತಿರ ತಲೆ ಒಡ್ಡಿ "ಕೆಂಪು ಲೈಟ್ ಉರೀತಿದೆಯಾ ನೋಡಿ" ಅಂತ ಕೇಳುವವರನ್ನು ವಾರವಾರ ನೋಡುತ್ತೇನೆ. ಆ ಹೊತ್ತಿಗೆ ಪಕ್ಕದವರು ತಮ್ಮ ಹಿಡಿಕೆಗಳನ್ನು ಮುಟ್ಟಿ ನೋಡಿಕೊಳ್ಳುತ್ತಿರಬೇಕು, ನೀವೂ ಅಷ್ಟೇ. ಕೊನೆಯ ಸಲ ಗೇರ್ ಚೆಕ್ ಮಾಡುವುದಕ್ಕಿಂತ ಮೊದಲೇ ಆನ್ ಮಾಡಿ, ಒಮ್ಮೆ ನೋಡಿ, ಆಮೇಲೆ ಮರೆತುಬಿಡಿ. ಹತ್ತು ನಿಮಿಷ ಸುಮ್ನೆ ರೆಕಾರ್ಡ್ ಆದರೆ ಏನು ನಷ್ಟ? ಆನ್ ಆಗಿರಲಿಲ್ಲ ಅಂತ ಗಾಳಿಯಲ್ಲಿ ಗೊತ್ತಾದರೆ ಆ ಜಂಪಿಗೆ ವಿಡಿಯೋ ಇಲ್ಲ, ಅಷ್ಟೇ. ಅಂದಹಾಗೆ ಮೇಲೆ ಹೋದಷ್ಟೂ ಚಳಿ, ಸಾವಿರ ಅಡಿಗೆ ಹೆಚ್ಚುಕಡಿಮೆ ಎರಡು ಡಿಗ್ರಿ ಇಳಿಯುತ್ತದೆ. ಅರ್ಧ ಚಾರ್ಜ್ ಇರುವ ಹಳೇ ಬ್ಯಾಟರಿ ಅಲ್ಲಿ ಕೈಕೊಡುವುದು ಮಾಮೂಲು.

ಇನ್ನು ವಿಡಿಯೋ. ಇದರ ನಿಜವಾದ ಬೆಲೆ ಕಲಿಕೆಯಲ್ಲಿದೆ. ನಾಲ್ಕು ಜನರ ಫಾರ್ಮೇಶನ್ ಸ್ಪರ್ಧೆಯಲ್ಲಿ ತೀರ್ಪುಗಾರರು ನೋಡುವುದೇ ಕ್ಯಾಮೆರಾ ಫ್ಲೈಯರ್ ತಂದ ವಿಡಿಯೋ, 35 ಸೆಕೆಂಡಿನಲ್ಲಿ ಎಷ್ಟು ಸರಿಯಾದ ಜೋಡಣೆ ಆಯಿತು ಅನ್ನುವ ಲೆಕ್ಕ ಅದರಿಂದಲೇ. ನಿಮ್ಮ ಮಟ್ಟದಲ್ಲೂ ಅಷ್ಟೇ ಉಪಯೋಗ ಇದೆ. ಇಳಿದ ಮೇಲೆ "ನಾನು ಕಾಲು ಚಾಚಿದ್ದೆ" ಅಂತ ವಾದ ಮಾಡುವವರಿಗೆ ನಿಲ್ಲಿಸಿ ತೋರಿಸಿದರೆ ಮುಗಿಯಿತು.

ಆದರೆ ನೋಡುವಾಗ ಒಂದು ಎಚ್ಚರ ಬೇಕು. ಈ ಕ್ಯಾಮೆರಾಗಳ ವೈಡ್ ಆ್ಯಂಗಲ್ ಲೆನ್ಸ್ ಎಲ್ಲವನ್ನೂ ದೂರ ತೋರಿಸುತ್ತದೆ. ಎರಡು ಕ್ಯಾನಪಿ ಹತ್ತಿರ ಹತ್ತಿರ ಹಾದುಹೋದದ್ದು ಸ್ಕ್ರೀನ್ ಮೇಲೆ ಆರಾಮಾಗಿ ಹೋದ ಹಾಗೆ ಕಾಣುತ್ತದೆ. "ವಿಡಿಯೋದಲ್ಲಿ ನೋಡಿ, ಎಷ್ಟು ದೂರ ಇತ್ತು" ಅನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ. ಸ್ಟೆಬಿಲೈಸೇಶನ್ ಕೂಡ ಅಲುಗಾಟವನ್ನೆಲ್ಲ ಅಳಿಸಿಬಿಡುತ್ತದೆ, ನೋಡಲು ಚೆಂದ, ಕಲಿಯಲು ಅಷ್ಟಕ್ಕಷ್ಟೇ.

ಮೆಮೊರಿ ಕಾರ್ಡಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ದಿನ ಮುಗಿದ ಮೇಲೆ ಎರಡು ಕಡೆ ಕಾಪಿ, ಎರಡೂ ತೆರೆದು ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್. ಫೈಲ್ ಹೆಸರಲ್ಲಿ ತಾರೀಖು ಮತ್ತು ಯಾರ ಜೊತೆ ಜಂಪ್ ಅನ್ನುವುದು ಸಾಕು.

ಹಾಕುವ ಮೊದಲು ವಿಡಿಯೋದಲ್ಲಿರುವವರನ್ನು ಕೇಳಿ. ವಿದ್ಯಾರ್ಥಿಯೊಬ್ಬರು ಬಾಗಿಲಲ್ಲಿ ಅಳುತ್ತಿರುವುದು, ಯಾರೋ ಕೆಟ್ಟದಾಗಿ ಇಳಿದು ಮುಗ್ಗರಿಸಿದ್ದು ನಿಮಗೆ ತಮಾಷೆ ಇರಬಹುದು, ಅವರ ಆಫೀಸಿನವರು ನೋಡುವುದು ಅವರಿಗೆ ಬೇಕಾಗಿರುವುದಿಲ್ಲ. ನಿಯಮ ಮೀರಿದ್ದು ಕಾಣುವ ವಿಡಿಯೋನ ಡ್ರಾಪ್‌ಝೋನ್‌ನ ಸುರಕ್ಷತೆ ನೋಡಿಕೊಳ್ಳುವವರಿಗೆ ತೋರಿಸಿ, ಇಂಟರ್ನೆಟ್ಟಿಗಲ್ಲ.

ಅಪಘಾತ ಆದ ದಿನ ಮಾತ್ರ ಬೇರೆ ಲೆಕ್ಕ. ನಿಮ್ಮ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿರಬಹುದು ಅನ್ನಿಸಿದರೆ ಕ್ಯಾಮೆರಾ ಆಫ್ ಮಾಡಿ, ಮತ್ತೆ ಅದರಲ್ಲಿ ರೆಕಾರ್ಡ್ ಮಾಡಬೇಡಿ, ಏನನ್ನೂ ಅಳಿಸಬೇಡಿ, ಕತ್ತರಿಸಬೇಡಿ. ಡ್ರಾಪ್‌ಝೋನ್‌ನ ಜವಾಬ್ದಾರರಿಗೆ ಹೇಳಿ, ಪೊಲೀಸರು ಅಥವಾ ತನಿಖೆಯವರು ಕೇಳಿದರೆ ಕಾರ್ಡನ್ನೇ ಕೊಡಿ, ಯಾರಿಗೆ ಯಾವಾಗ ಕೊಟ್ಟಿರಿ ಅಂತ ಬರೆದಿಟ್ಟುಕೊಳ್ಳಿ. ಸುತ್ತ ಸೇರಿದವರು "ತೋರಿಸಿ, ಏನಾಯ್ತು" ಅಂತ ಕೇಳುತ್ತಾರೆ, ತೋರಿಸಬೇಡಿ. ಯಾರ ಫೋನಿಗೂ ಕಳಿಸಬೇಡಿ, ಆಪ್ತರಿಗೂ ಬೇಡ. ಒಂದು ಫೋನಿಗೆ ಹೋದದ್ದು ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಊರೆಲ್ಲ ಹರಡಿರುತ್ತದೆ. ತನಿಖೆ ಮುಗಿದ ಮೇಲೂ ಅದನ್ನು ಹಾಕಬೇಕಾ ಅನ್ನುವುದು ಅವರ ಮನೆಯವರಿಗೆ ಬಿಟ್ಟದ್ದು ಅನ್ನುವುದು ನನ್ನ ಅಭಿಪ್ರಾಯ. ವಿಡಿಯೋ ತೆಗೆದವರ ಹಕ್ಕು ಅಂತ ವಾದ ಮಾಡುವವರೂ ಇದ್ದಾರೆ, ನನಗೆ ಅದು ಸರಿ ಅನ್ನಿಸಿಲ್ಲ.

ಸದ್ಯಕ್ಕೆ ನಿಮಗೆ ವಿಡಿಯೋ ಬೇಕೇ ಬೇಕು ಅಂದರೆ ಅನುಭವ ಇರುವ ಕ್ಯಾಮೆರಾ ಫ್ಲೈಯರ್ ಒಬ್ಬರನ್ನು ನಿಮ್ಮ ಜೊತೆ ಹಾರಲು ಕೇಳಿ. ಹೆಚ್ಚಿನವರು ಖುಷಿಯಿಂದಲೇ ಬರುತ್ತಾರೆ, ನಿಮ್ಮ ಹಾರಾಟವೂ ಹೊರಗಿನಿಂದ ಕಾಣುತ್ತದೆ. ನಿಮ್ಮ ತಲೆ ಮೇಲಿನ ಕ್ಯಾಮೆರಾದಲ್ಲಿ ನೀವೇ ಕಾಣುವುದಿಲ್ಲ ಅಲ್ವಾ? ನಿಮ್ಮದು ಓಪನ್ ಹೆಲ್ಮೆಟ್ಟಾ ಫುಲ್ ಫೇಸಾ ಅಂತ ತಿಳಿಸಿ, ಮುಂದೆ ಯಾವ ಥರದ ಮೌಂಟ್ ಹುಡುಕಬೇಕು ಅಂತ ಹೇಳುತ್ತೇನೆ.