ಬಾಲಿ ಯೋಗ ಶಿಬಿರಕ್ಕೆ ಅಮ್ಮ: ಊಟದ ಕಡೆ ಗಮನ ಇರಲಿ

ಶಿರಸಿಯ ಅಮ್ಮನನ್ನು ಬಾಲಿಯ ಉಬುದ್‌ನಲ್ಲಿ ನಡೆಯುವ ಯೋಗ ಶಿಬಿರಕ್ಕೆ ಕರೆದೊಯ್ಯಬಹುದಾ, ಶುದ್ಧ ಸಸ್ಯಾಹಾರ ಸಿಗುತ್ತದಾ, ಮಂಡಿನೋವಿಗೆ ಸುತ್ತಾಟ ಆಗುತ್ತದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ ಬನ್ನಿ. ಅನ್ನ, ತೆಂಗಿನಕಾಯಿ, ಬಾಳೆಎಲೆ ಎಲ್ಲ ಅಲ್ಲೂ ಇದೆ.

ಆದರೆ ಸಾಂಬಲ್ ಎಂಬ ಖಾರದ ಚಟ್ನಿಗೆ ಹೆಚ್ಚಾಗಿ ತೆರಾಸಿ ಹಾಕುತ್ತಾರೆ. ಅದು ಹುದುಗಿಸಿದ ಸಿಗಡಿ! ಗಾಡೊ ಗಾಡೊ ಅಂದರೆ ಶೇಂಗಾ ಚಟ್ನಿ ಹಾಕಿದ ತರಕಾರಿ, ಹೆಚ್ಚಾಗಿ ಬೇಯಿಸಿದ ಮೊಟ್ಟೆಯೂ ಇರುತ್ತದೆ. ಅದರಲ್ಲೂ ತೆರಾಸಿ ಇರಬಹುದು. ಶಿಬಿರ ಬುಕ್ ಮಾಡುವ ಮೊದಲೇ ಇವೆಲ್ಲ ಬೇಡ ಅಂತ ಬರೆದು ತಿಳಿಸಿ. ಸೋಯಾ ಕಾಳಿನ ಟೆಂಪೆ ಪರವಾಗಿಲ್ಲ, ಅದನ್ನು ಹುರಿದ ಎಣ್ಣೆಯಲ್ಲೇ ಮೀನು, ಮಾಂಸ ಕರಿದಿದ್ದಾರಾ ಅಂತ ಮಾತ್ರ ಕೇಳಿ.

ಮಂಡಿನೋವು ಇರುವುದರಿಂದ ಬಾತೂರ್ ಬೆಟ್ಟ ಬಿಡಿ. 1,717 ಮೀಟರ್ ಎತ್ತರ, ಸೂರ್ಯೋದಯಕ್ಕೆ ಅಂತ ಕತ್ತಲಲ್ಲೇ ಹತ್ತಿಸುತ್ತಾರೆ. ತೆಗಲಲಾಂಗ್‌ನ ಮೆಟ್ಟಿಲು ಮೆಟ್ಟಿಲಾದ ಭತ್ತದ ಗದ್ದೆಗಳನ್ನು ಮೇಲಿಂದಲೇ ನೋಡಿದರೆ ಸಾಕು. (ಗದ್ದೆ ನೋಡಲು ಇಷ್ಟು ದೂರ ಬರಬೇಕಿತ್ತಾ ಅಂತ ಅಮ್ಮ ಕೇಳಿದರೆ ನಾನು ಹೊಣೆಯಲ್ಲ.) ಮಾರ್ಚ್ ಆಸುಪಾಸಿನ ನ್ಯೇಪಿ ಹಬ್ಬದ (ಬಾಲಿಯ ಹೊಸವರ್ಷದ ಮೌನ ದಿನದ) ದಿನ ವಿಮಾನ ನಿಲ್ದಾಣವೇ ಬಂದ್, ತಾರೀಖು ನೋಡಿ ಟಿಕೆಟ್ ತೆಗೆಯಿರಿ.