ಓದುಗರ ಪ್ರಶ್ನೆ: ಸೇಲ್ಸ್ ತಂಡದ ಕೈಯಲ್ಲಿ ಸಿಆರ್‌ಎಂ ಆ್ಯಪ್

ಪ್ರಶ್ನೆ: ತಂಡದ ಎಲ್ಲರ ಫೋನಿಗೂ ಸಿಆರ್‌ಎಂ ಆ್ಯಪ್ (ಗ್ರಾಹಕರ ವಿವರ, ಭೇಟಿ, ಕರೆಗಳನ್ನು ದಾಖಲಿಸಿಡುವ ಆ್ಯಪ್) ಹಾಕಿಸಿದ್ದೇವೆ. ಆದರೂ ಭೇಟಿಯ ವಿವರಗಳನ್ನು ವಾರದ ಕೊನೆಗೆ ಒಟ್ಟಿಗೆ ತುಂಬುತ್ತಾರೆ. ಒಬ್ಬನೇ ಗ್ರಾಹಕ ಎರಡು–ಮೂರು ಕಡೆ ಕಾಣಿಸುತ್ತಾನೆ. ಏನು ಮಾಡಬೇಕು?

ಉತ್ತರ: ತಂಡದವರನ್ನು ಗದರಿಸುವ ಮುಂಚೆ ಫಾರಂ ನೋಡಿ. ಕಂಪ್ಯೂಟರಿಗೆಂದು ಮಾಡಿದ 20 ಕಾಲಂಗಳ ಫಾರಂ ಅನ್ನು ನಿಂತಲ್ಲೇ ಹೆಬ್ಬೆರಳಲ್ಲಿ ಯಾರೂ ತುಂಬಲಾರರು. ಫೋನಿನಲ್ಲಿ ನಾಲ್ಕೇ ಸಾಕು: ಭೇಟಿಯ ಫಲಿತಾಂಶ, ಮುಂದೇನು ಮಾಡಬೇಕು, ಯಾವ ದಿನ, ಒಂದು ಚಿಕ್ಕ ಟಿಪ್ಪಣಿ. ಮೊದಲೆರಡನ್ನು ಪಟ್ಟಿಯಿಂದ ಆರಿಸುವಂತಿರಲಿ. ಟಿಪ್ಪಣಿಯನ್ನು ಬಾಯಲ್ಲಿ ಹೇಳಿ ಬರೆಸಬಹುದು, ಆದರೆ ಹೆಸರು ಮತ್ತು ಅಂಕಿಗಳನ್ನು ಕಣ್ಣಾಡಿಸಿಯೇ ಉಳಿಸಬೇಕು. ಆರ್ಡರ್ ಮೊತ್ತವನ್ನು ಮೊದಲ ಭೇಟಿಗೇ ಕಡ್ಡಾಯ ಮಾಡಬೇಡಿ. ಗೊತ್ತಿಲ್ಲದವರು 0 ಅಥವಾ 1 ಎಂದು ಒತ್ತಿ ಮುಂದೆ ಹೋಗುತ್ತಾರೆ, ತಿಂಗಳ ಅಂದಾಜೇ ಕೆಡುತ್ತದೆ.

ಒಬ್ಬರೇ ಎರಡೆರಡು ಸಲ ಬರುವುದಕ್ಕೆ ಸಾಮಾನ್ಯ ಕಾರಣ ಫೋನ್ ನಂಬರ್. ಒಬ್ಬರು ಮೊದಲಿಗೆ ಸೊನ್ನೆ ಹಾಕುತ್ತಾರೆ, ಇನ್ನೊಬ್ಬರು ದೇಶದ ಕೋಡ್ ಹಾಕುತ್ತಾರೆ, ಮತ್ತೊಬ್ಬರು ನಡುವೆ ಜಾಗ ಬಿಡುತ್ತಾರೆ. ಹೀಗಾದರೆ ಎಷ್ಟೋ ಆ್ಯಪ್‌ಗಳಿಗೆ ಮೂರೂ ಬೇರೆ ಬೇರೆ ನಂಬರ್. ಪ್ಲಸ್ ಚಿಹ್ನೆ, ದೇಶದ ಕೋಡ್, ಆಮೇಲೆ ನಂಬರ್, ನಡುವೆ ಜಾಗವಿಲ್ಲ: ಈ ಒಂದೇ ರೂಪದಲ್ಲಿ ಉಳಿಯುವಂತೆ ಮಾಡಲು ಆ್ಯಪ್ ನೋಡಿಕೊಳ್ಳುವ ಅಡ್ಮಿನ್‌ಗೆ ಹೇಳಿ. ಒಬ್ಬರದೇ ಹಳೆಯ ನಮೂದುಗಳನ್ನು ಒಂದುಗೂಡಿಸುವ ಮೊದಲು ಪೂರ್ತಿ ಪಟ್ಟಿಯನ್ನು ಇಳಿಸಿಟ್ಟುಕೊಳ್ಳಿ. ಒಂದುಗೂಡಿಸಿದ್ದನ್ನು ಮತ್ತೆ ಬಿಡಿಸಲು ಬಹಳಷ್ಟು ಕಡೆ ದಾರಿಯೇ ಇರುವುದಿಲ್ಲ.

ಪ್ರಶ್ನೆ: ನೆಟ್‌ವರ್ಕ್ ಇಲ್ಲದ ಕಡೆ ತುಂಬಿದ್ದು ಆಫೀಸಿನಲ್ಲಿ ಕಾಣುವುದಿಲ್ಲ. ಅಳಿಸಿಹೋಯಿತೇ?

ಉತ್ತರ: ಆಫ್‌ಲೈನ್ ಸೌಲಭ್ಯ ಆನ್ ಆಗಿದ್ದರೆ ಅದು ಫೋನಿನಲ್ಲೇ ಕಾಯುತ್ತಿರುವ ಸಾಧ್ಯತೆ ಹೆಚ್ಚು. ಪರೀಕ್ಷೆ ಸುಲಭ: ಏರೋಪ್ಲೇನ್ ಮೋಡ್ ಹಾಕಿ ಒಂದು ನಮೂದು ಮಾಡಿ, ಆ್ಯಪ್ ಮುಚ್ಚಿ ತೆರೆಯಿರಿ, ಉಳಿದಿದೆಯೇ ನೋಡಿ, ಆಮೇಲೆ ನೆಟ್ ಕೊಟ್ಟು ಕಂಪ್ಯೂಟರಿನಲ್ಲಿ ಹುಡುಕಿ. ಆಂಡ್ರಾಯ್ಡ್‌ನಲ್ಲಿ ಬ್ಯಾಟರಿ ಉಳಿತಾಯದ ವ್ಯವಸ್ಥೆ ಹಿನ್ನೆಲೆಯ ಸಿಂಕ್ (ಫೋನಿನಲ್ಲಿ ತುಂಬಿದ್ದು ಆಫೀಸಿನ ದಾಖಲೆಗೆ ಸೇರುವುದು) ತಡೆಯುವುದುಂಟು, ಈ ಆ್ಯಪ್‌ಗೆ ಆ ನಿರ್ಬಂಧ ತೆಗೆಯಿರಿ. ಸಿಂಕ್ ಬಾಕಿ ಇರುವಾಗ ಲಾಗೌಟ್ ಆಗುವುದು, ಆ್ಯಪ್ ಡೇಟಾ ಅಳಿಸುವುದು ಬೇಡವೇ ಬೇಡ. ನಿಜವಾಗಿ ಮಾಹಿತಿ ಕಳೆದುಹೋಗುವುದು ಅಲ್ಲೇ.

ಇನ್ನೊಂದು ಮಾತು: ಇಬ್ಬರು ಒಂದೇ ಟಿಪ್ಪಣಿಯನ್ನು ತಿದ್ದಿದರೆ, ಎಷ್ಟೋ ಆ್ಯಪ್‌ಗಳಲ್ಲಿ ಕೊನೆಗೆ ಸಿಂಕ್ ಆದದ್ದೇ ಉಳಿಯುತ್ತದೆ. ಪ್ರತಿ ಭೇಟಿಗೂ ಹೊಸ ನಮೂದೇ ಇರಲಿ.

ಪ್ರಶ್ನೆ: ಕರೆಗಳು ತಾವಾಗಿಯೇ ದಾಖಲಾಗಬೇಕಲ್ಲವೇ?

ಉತ್ತರ: ಐಫೋನ್ ತನ್ನ ಕರೆಪಟ್ಟಿಯನ್ನು ಬೇರೆ ಆ್ಯಪ್‌ಗಳಿಗೆ ಓದಲು ಕೊಡುವುದಿಲ್ಲ. ಸಿಆರ್‌ಎಂ ಒಳಗಿರುವ ಕರೆ ಗುಂಡಿಯಿಂದಲೇ ಕರೆ ಮಾಡಿಸಿ, ಮಾತು ಮುಗಿದೊಡನೆ ಫಲಿತಾಂಶ ಒತ್ತಿಸಿ.