ಚೆಕಾವ್ ಇರಲೇ ಇಲ್ಲ, ಖಾನ್ ಗುರುತು ಹಿಡಿದದ್ದು ಹೇಗೆ?

ಪ್ರಶ್ನೆ: ಸರ್, ನಾನು ಮತ್ತು ನನ್ನ ತಮ್ಮ, ಅಂತರಿಕ್ಷ ನೌಕೆಯೊಂದರ ಕತೆ ಹೇಳುವ ಹಳೆಯ ಟೀವಿ ಸೀರಿಯಲ್ ‘ಸ್ಟಾರ್ ಟ್ರೆಕ್’ನ ‘ಸ್ಪೇಸ್ ಸೀಡ್’ ಎಪಿಸೋಡ್ ನೋಡಿ, ಅದರ ಮುಂದಿನ ಕತೆ ಇರುವ 1982ರ ಸಿನಿಮಾನೂ ನೋಡಿದೆವು. ಸಿನಿಮಾದಲ್ಲಿ ವಿಲನ್ ಖಾನ್, ಆ ನೌಕೆಯ ಅಧಿಕಾರಿಯಾಗಿದ್ದ ಚೆಕಾವ್‌ನ ಮುಖ ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ಆದರೆ ಆ ಎಪಿಸೋಡಿನಲ್ಲಿ ಚೆಕಾವ್ ಇಲ್ಲವೇ ಇಲ್ಲ! ಇದು ಸಣ್ಣ ಕಂಟಿನ್ಯುಟಿ ತಪ್ಪು (ಹಿಂದೆ ತೋರಿಸಿದ್ದಕ್ಕೂ ಮುಂದೆ ತೋರಿಸಿದ್ದಕ್ಕೂ ತಾಳೆ ಆಗದ್ದು) ಅಂತ ನಾನು, ಕತೆಯಲ್ಲೇ ದೊಡ್ಡ ತೂತು ಅಂತ ಅವನು. ಅರ್ಧ ಕಿಲೋ ಪೇಡೆ ಪಂಥ. ಯಾರು ಗೆದ್ದರು?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪೇಡೆ ನಿಮ್ಮ ತಮ್ಮನೇ ತರಬೇಕು. ಆದರೆ ನೀವೂ ಜಾಸ್ತಿ ಬೀಗಬೇಡಿ.

‘ಸ್ಪೇಸ್ ಸೀಡ್’ ಟೀವಿಯಲ್ಲಿ ಬಂದದ್ದು 1967ರ ಫೆಬ್ರುವರಿಯಲ್ಲಿ, ಮೊದಲ ಸೀಸನ್. ಚೆಕಾವ್ ಪಾತ್ರದ ವಾಲ್ಟರ್ ಕೋನಿಗ್ ತೆರೆ ಮೇಲೆ ಕಾಣಿಸಿಕೊಂಡದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ, ಎರಡನೇ ಸೀಸನ್ನಿಗೆ. ಹದಿನೈದು ವರ್ಷದ ಮೇಲೆ ಸಿನಿಮಾ ಬಂದಾಗ ಈ ಲೆಕ್ಕ ತಪ್ಪಿತು, ಅಷ್ಟೇ. ಕತೆಯೊಳಗೆ ನಿಂತು ನೋಡಿದರೆ ಇದು ತಪ್ಪೇ ಅಲ್ಲ ಅನ್ನಲೂಬಹುದು. ಆ ನೌಕೆಯಲ್ಲಿ ಸುಮಾರು 430 ಜನ ಇದ್ದಾರೆ, ನಮಗೆ ಕಾಣುವುದು ಅದೇ ಎಂಟು ಹತ್ತು ಮುಖ. ಕ್ಯಾಮೆರಾ ಕಣ್ಣಿಗೆ ಬೀಳದವನು ಖಾನ್ ಕಣ್ಣಿಗೂ ಬಿದ್ದಿಲ್ಲ ಅಂತ ಹೇಗೆ ಹೇಳುತ್ತೀರಿ? ಇನ್ನೊಂದು ಮಜಾ ಕೇಳಿ. ಚೆಕಾವ್ ಇರುವ ‘ಕ್ಯಾಟ್ಸ್‌ಪಾ’ ಎಪಿಸೋಡಿನ ನೌಕೆಯ ತಾರೀಖು 3018, ‘ಸ್ಪೇಸ್ ಸೀಡ್’ನದು 3141. ಅಂದರೆ ನೌಕೆಯ ಕ್ಯಾಲೆಂಡರ್ ಪ್ರಕಾರ ಅವನು ಆಗಲೇ ಕೆಲಸಕ್ಕೆ ಸೇರಿಯಾಗಿತ್ತು (ಆ ತಾರೀಖುಗಳನ್ನು ಹಾಕಿದವರೇ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ ಅನ್ನುವುದು ಬೇರೆ ಮಾತು). ಚೆಕಾವ್ ಒಳಗಿದ್ದಾಗ ಖಾನ್ ಪಾಪ ಟಾಯ್ಲೆಟ್ ಬಾಗಿಲ ಹೊರಗೆ ಕಾಯುತ್ತಾ ನಿಂತಿದ್ದ ಅಂತ ಸ್ವತಃ ಕೋನಿಗ್ ತಮಾಷೆ ಮಾಡುತ್ತಿದ್ದರು.

ಕಂಟಿನ್ಯುಟಿ ತಪ್ಪು ಆಗುವುದು ಎಷ್ಟು ಸುಲಭ ಅಂತ ನನಗೆ ಗೊತ್ತು. ಹಿಂದೊಮ್ಮೆ ಹುಡುಗರ ಕಿರುಚಿತ್ರಕ್ಕೆ ಆ ಕೆಲಸ ನೋಡಿಕೊಂಡಿದ್ದೆ. ದುರ್ಗದಬೈಲಿನಲ್ಲಿ ಇಬ್ಬರು ಗಿರ್ಮಿಟ್ ತಿನ್ನುತ್ತಾ ಜಗಳ ಆಡುವ ಸೀನ್. ಪ್ರತಿ ಟೇಕಿಗೂ ಪ್ಲೇಟ್ ತುಂಬಿಸಬೇಕು, ಮೇಲೆ ಉದುರಿಸಿದ ಉಳ್ಳಾಗಡ್ಡಿ ಅಷ್ಟೇ ಇರಬೇಕು, ಕಚ್ಚಿದ ಮಿರ್ಚಿ ಅಷ್ಟೇ ಉದ್ದ ಉಳಿದಿರಬೇಕು. ಪ್ಲೇಟಿನ ಫೋಟೋ ತೆಗೆದು ತೆಗೆದು ಸಾಕಾಯಿತು. ಕೊನೆಗೆ ಎಡಿಟಿಂಗ್‌ನಲ್ಲಿ ನೋಡಿದರೆ ಮಿರ್ಚಿ ಒಮ್ಮೆ ಎಡಗೈಲಿ, ಒಮ್ಮೆ ಬಲಗೈಲಿ! ಇದರಿಂದ ಕತೆಗೆ ಏನೂ ಆಗಲಿಲ್ಲ, ನನ್ನ ಮಾನ ಹೋಯಿತು ಅಷ್ಟೇ.

ನಿಜವಾದ ತೂತು ನೋಡಬೇಕಾ? ನಿಮ್ಮ ಎಪಿಸೋಡಿನಲ್ಲೇ ಇದೆ, ನೀವಿಬ್ಬರೂ ಅದನ್ನು ದಾಟಿಕೊಂಡು ಬಂದಿದ್ದೀರಿ. ಸುಮಾರು ಇನ್ನೂರು ವರ್ಷ ನಿದ್ದೆ ಮಾಡಿ ಎದ್ದ ಒಬ್ಬ ಅಪರಿಚಿತ, ಹೆಸರು ಕೇಳಿದರೆ ‘ಖಾನ್’ ಅಂತಷ್ಟೇ ಹೇಳುತ್ತಾನೆ, ಮಿಕ್ಕ ಪ್ರಶ್ನೆಗಳನ್ನೆಲ್ಲ ಜಾರಿಸುತ್ತಾನೆ. ಅವನು ಓದಲಿಕ್ಕೆ ಕೇಳಿದ ತಕ್ಷಣ ಕ್ಯಾಪ್ಟನ್ ಕಿರ್ಕ್ ನೌಕೆಯ ತಾಂತ್ರಿಕ ಮಾಹಿತಿಯನ್ನೆಲ್ಲ ಅವನ ಮುಂದೆ ತೆರೆದಿಡುತ್ತಾನೆ. ಮನೆಗೆ ಬಂದವರ ಪೂರ್ತಿ ಹೆಸರು ಕೇಳುವ ಮೊದಲೇ ತಿಜೋರಿ ಕೀಲಿ ಕೈಗಿಟ್ಟಂಗೆ! ಅದನ್ನೇ ಓದಿಕೊಂಡು ಖಾನ್ ನೌಕೆ ಹಿಡಿಯುತ್ತಾನೆ, ಮೇಲಿನ ಕಂಟ್ರೋಲ್ ರೂಮಿನವರ ಉಸಿರಾಟದ ಗಾಳಿಯನ್ನೇ ಬಂದ್ ಮಾಡುತ್ತಾನೆ. ಕಿರ್ಕ್ ಉಳಿದ ಕಡೆ ಇಷ್ಟು ದಡ್ಡ ಅಲ್ಲ. ಇಲ್ಲಿ ಕತೆ ಮುಂದೆ ಹೋಗಬೇಕು ಅಂತ ಅವನನ್ನು ದಡ್ಡ ಮಾಡಿದ್ದಾರೆ. ನಾನು ತೂತು ಅನ್ನುವುದು ಇದಕ್ಕೆ.

ಸಿನಿಮಾದಲ್ಲೂ ಒಂದಿದೆ. ಎಪಿಸೋಡಿನ ಕೊನೆಗೆ ಖಾನ್ ಮತ್ತವನ ಕಡೆಯವರನ್ನು ಬಿಟ್ಟು ಬಂದದ್ದು ಒಂದು ನಕ್ಷತ್ರದ ಐದನೇ ಗ್ರಹದಲ್ಲಿ. ಸಿನಿಮಾ ಹೊತ್ತಿಗೆ ಅಲ್ಲಿನ ಆರನೇ ಗ್ರಹ ಸಿಡಿದು ಹೋಗಿದೆ, ಚೆಕಾವ್ ಮತ್ತು ಅವನ ಕ್ಯಾಪ್ಟನ್ ಐದನೆಯದನ್ನೇ ಆರನೆಯದು ಅಂದುಕೊಂಡು ಇಳಿಯುತ್ತಾರೆ. ಗ್ರಹ ಎಣಿಸುವವರು ಒಬ್ಬರೂ ಇರಲಿಲ್ಲವಾ? ಹುಬ್ಬಳ್ಳಿಯಿಂದ ಧಾರವಾಡದ ಬಸ್ಸು ಹತ್ತಿ, ಉಣಕಲ್ ಕೆರೆಯೇ ಮಾಯವಾಗಿದ್ದು ಗೊತ್ತಾಗದೆ ನವನಗರದಲ್ಲಿ ಇಳಿದು ‘ಇದೇ ಉಣಕಲ್’ ಅಂದ ಹಾಗೆ.

ಹಾಂ, ಇನ್ನೊಂದು. ಖಾನ್‌ನ ಪೂರ್ತಿ ಹೆಸರು ಖಾನ್ ನೂನಿಯನ್ ಸಿಂಗ್. ನೌಕೆಯ ಇತಿಹಾಸ ತಜ್ಞೆ ಅವನ ಮಲಗಿದ ಮುಖ ನೋಡಿಯೇ ‘ಉತ್ತರ ಭಾರತದವನು, ಸಿಖ್ ಇರಬೇಕು’ ಅನ್ನುತ್ತಾಳೆ. ತಲೆಗೆ ಪೇಟ ಇಲ್ಲ, ಗಡ್ಡ ಇಲ್ಲ, ಪಾತ್ರ ಮಾಡಿದವರು ಮೆಕ್ಸಿಕೋದಲ್ಲಿ ಹುಟ್ಟಿದ ರಿಕಾರ್ಡೊ ಮೊಂಟಲ್ಬಾನ್. ಇದು ಕಂಟಿನ್ಯುಟಿ ತಪ್ಪೂ ಅಲ್ಲ, ತೂತೂ ಅಲ್ಲ, ಸುಮ್ನೆ ವಿಚಾರಿಸದೆ ಬರೆದದ್ದು. ಇನ್ನರ್ಧ ಕಿಲೋಗೆ ತಮ್ಮನನ್ನು ಇದರ ಮೇಲೆ ಕೇಳಿ ನೋಡಿ.